ಒಮೆಗಾ ಆಕ್ವಾ ಟೆರ್ರಾ: ಮೈಸೂರಲ್ಲಿ ಇದ್ಕೊಂಡು 150 ಮೀಟರ್ ಯಾಕ್ರೀ?

ಆಕ್ವಾ ಟೆರ್ರಾ ಅಂದ್ರೆ ಒಮೆಗಾ ಕಂಪನಿ ವಾಚು, 150 ಮೀಟರ್ ಆಳದ ನೀರಿನ ಒತ್ತಡ ತಡೆಯುತ್ತೆ ಅಂತ ಕಂಪನಿಯವ್ರ ಮಾತು. ಮೊದ್ಲು ಲೆಕ್ಕ ಹೇಳ್ಬಿಡ್ತೀನಿ. ಕೆಆರ್‌ಎಸ್ ಪೂರ್ತಿ ತುಂಬಿದ್ರೆ 124.80 ಅಡಿ, ಮಂಡ್ಯದೋರಿಗೆ ಈ ನಂಬರ್ ಬಾಯಿಪಾಠ, ಮೀಟರ್ ಲೆಕ್ಕದಲ್ಲಿ ಸುಮಾರು 38. ಆಕ್ವಾ ಟೆರ್ರಾದ 150 ಮೀಟರ್ ಅಂದ್ರೆ ಹತ್ತತ್ರ ನಾಲ್ಕು ಕೆಆರ್‌ಎಸ್ ಒಂದರ ಮೇಲೊಂದು, ಅದೇ ಕಂಪನಿದು, ನೀರಲ್ಲಿ ಮುಳುಗೋರಿಗೆ ಅಂತ ಮಾಡಿರೋ 300 ಮೀಟರಿನ ಸೀಮಾಸ್ಟರ್ ಡೈವರ್ ಆದ್ರೆ ಎಂಟು. ನಾನು ಇಳಿಯೋದು ಬಲಮುರಿಲಿ ಮೊಣಕಾಲುದ್ದ ನೀರಿಗೆ.

ಹಂಗಂತ ದುಡ್ಡು ದಂಡ ಅಂತ ಅಲ್ಲ. 30 ಮೀಟರ್ ಅಂತ ಬರ್ದಿರೋ ಡ್ರೆಸ್ ವಾಚ್ ಕಟ್ಕೊಂಡು 30 ಮೀಟರ್ ಆಳಕ್ಕೆ ಹೋಗಂಗಿಲ್ಲ, ಕೈ ತೊಳಿವಾಗ ಹಾರೋ ನೀರು, ನಾಕು ಹನಿ ಮಳೆ, ಅಷ್ಟಕ್ಕೇ ಅದು. ಈಜುವಾಗ ಕೈ ಬೀಸಿದ್ರೆ ಒತ್ತಡ ಸಿಕ್ಕಾಪಟ್ಟೆ ಏರುತ್ತೆ, ಅದಕ್ಕೇ ದೊಡ್ಡ ನಂಬರ್ ಬೇಕು ಅಂತ ಎಲ್ರೂ ಹೇಳ್ತಾರಲ್ಲ, ಅದು ಬುರುಡೆ, ಸೆಕೆಂಡಿಗೆ 5 ಮೀಟರ್ ಸ್ಪೀಡಲ್ಲಿ ಕೈ ಬೀಸಿದ್ರೂ ಜಾಸ್ತಿ ಆಗೋದು ಒಂದೂಕಾಲು ಮೀಟರ್ ನೀರಿನಷ್ಟು ಒತ್ತಡ. ವಾಚ್ ಕೆಡಿಸೋದು ಅದಲ್ಲ, ನೀರು ಒಳಗೆ ನುಗ್ಗದಂಗೆ ಸಂದಿಲಿ ಕೂರ್ಸಿರೋ ರಬ್ಬರ್ ಬಳೆ, ಅದೇ ಗ್ಯಾಸ್ಕೆಟ್. ಬೆವರು, ಸೋಪು, ಸನ್‌ಸ್ಕ್ರೀನ್, ಬಿಸಿ ಎಲ್ಲ ಸೇರಿ ವರ್ಷಗಳಾದ್ಮೇಲೆ ಅದು ಗಟ್ಟಿಯಾಗಿ ಹಿಡಿತ ಬಿಟ್ಬಿಡುತ್ತೆ, ಡಯಲ್ ಮೇಲಿನ ನಂಬರ್ ಮಾತ್ರ ಹಂಗೇ ಇರುತ್ತೆ. ಊರಲ್ಲಿ ಹಂಡೆ ನೀರಿನ ಸ್ನಾನಕ್ಕೆ ಯಾವ ವಾಚೂ ಕಟ್ಕೊಂಡು ಹೋಗ್ಬೇಡಿ, ಡೈವರ್ ಆದ್ರೂ ಸರಿ.

ಆಕ್ವಾ ಟೆರ್ರಾದಲ್ಲಿ ನಂಗೆ ಇಷ್ಟ ಆಗಿದ್ದು 150ಕ್ಕಿಂತ ಅದರ ಕ್ರೌನು, ಅಂದ್ರೆ ಟೈಮ್ ಸರಿ ಮಾಡೋಕೆ ಪಕ್ಕದಲ್ಲಿರೋ ಗುಂಡಿ. ತಿರುಗಿಸಿ ಬಿಗಿಯೋ ಥರದ್ದು, 1926ರಲ್ಲಿ ಬಂದ ರೋಲೆಕ್ಸ್ ಆಯ್ಸ್ಟರ್ ವಾಚು ಹೆಸರು ಮಾಡಿದ್ದೇ ಇಂಥ ಕ್ರೌನಿಂದ. ಬಿಚ್ಚಿದ್ರೆ ಸ್ಪ್ರಿಂಗು ಮೆಲ್ಲಗೆ ಆಚೆ ತಳ್ಳುತ್ತೆ, ಮುಚ್ಚುವಾಗ ಒತ್ತಿ ಹಿಡಿದು ಮೊದ್ಲು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಟಕ್ ಅಂತ ತಿರುಪಿನ ಮರೆ ಕೂತಿದ್ದು ಬೆರಳಿಗೆ ಗೊತ್ತಾದ್ಮೇಲೆ ಬಿಗಿ ಮಾಡ್ಬೇಕು, ಅವಸರದಲ್ಲಿ ಓರೆಯಾಗಿ ತಿರುಗಿಸಿದ್ರೆ ಮರೆ ಹಾಳಾಗುತ್ತೆ. ಇದು ಸಡಿಲ ಇದ್ರೆ 150 ಅಲ್ಲ 300 ಇದ್ರೂ ಒಂದೇ.

ನಮ್ ಭಾವನ ಹತ್ರ ಒಂದು ಚೌಕದ ಕ್ವಾರ್ಟ್ಜ್ ವಾಚಿದೆ, 30 ಮೀಟರ್ದು, ಒಳ್ಳೆ ಸ್ವಿಸ್ ಮಾಲು. ಪೇಟೆಲಿ ಒಂದು ಅಂಗಡಿಲಿ ಬ್ಯಾಟರಿ ಹಾಕ್ಸಿದ್ರು, ಅವ್ನು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಹಾಕಿ ಪಟ್ ಅಂತ ಒತ್ತಿ ಕೊಟ್ಬಿಟ್ಟ, ಗ್ಯಾಸ್ಕೆಟ್ ಬದಲಾಯಿಸಿಲ್ಲ, ವಾಚ್ ನೀರು ತಡೆಯುತ್ತಾ ಅಂತ ಮಷೀನಲ್ಲಿಟ್ಟು ನೋಡೋ ಪ್ರೆಶರ್ ಟೆಸ್ಟ್ ಅಂತೂ ಕೇಳ್ಲೇಬೇಡಿ. ಮಳೆಗಾಲದಲ್ಲಿ ಶ್ರೀರಂಗಪಟ್ಟಣದಿಂದ ಸ್ಕೂಟರಲ್ಲಿ ಬರ್ತಾ ನೆನೆದ್ರು, ಗಾಜಿನ ಒಳಗಡೆ ಆರರ ಹತ್ರ ಮಂಜು ಕಟ್ಟಿ ಮುಳ್ಳೇ ಕಾಣ್ಲಿಲ್ಲ. ರಿಪೇರಿಯವ್ರು ಮುಚ್ಚಳ ತೆಗೆದಾಗ ಗ್ಯಾಸ್ಕೆಟ್ ಒಂದು ಕಡೆ ಜಜ್ಜಿ ಚಪ್ಪಟೆ ಆಗಿತ್ತು. ಭಾವ ಈಗ ನಂಗೆ ಕೇಳ್ತಾರೆ, ನಿಂದು 150 ಅಂತೀಯಲ್ಲ ನೀನು ಧೈರ್ಯವಾಗಿ ನೆನೀತೀಯಾ ಅಂತ. ನೆನೀತೀನಿ ಭಾವ, ಟೆಸ್ಟ್ ಮಾಡ್ಸ್ತಾ ಇರೋವರ್ಗೂ.

ಉಳಿದಿದ್ದು ಚುಟುಕಾಗಿ: ಡಯಲಲ್ಲಿ ದೋಣಿ ಹಲಗೆ ಥರ ಅಡ್ಡ ಗೆರೆ, ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ, ಪಂಚೆಗೂ ಸೂಟಿಗೂ ಒಪ್ಪುತ್ತೆ. ರೇಟು ಮಾತ್ರ ಎದೆ ಧಸಕ್ ಅನ್ಸುತ್ತೆ. ಲೆದರ್ ಸ್ಟ್ರಾಪಿಂದು ತಗೋಬೇಡಿ, ವಾಚ್ ನೀರು ತಡೆದ್ರೂ ನೆಂದ ಚರ್ಮ ನಾತ ಹೊಡಿಯುತ್ತೆ, ಸ್ಟೀಲ್ ಅಥವಾ ರಬ್ಬರ್ ತಗೊಳ್ಳಿ. ನಮ್ಮ ಬದುಕಿಗೆ 100 ಮೀಟರ್ ಪ್ಲಸ್ ಇಂಥ ಕ್ರೌನ್ ಇದ್ರೆ ಧಾರಾಳ, ಡೈವರ್ ವಾಚಿನ ಐಎಸ್‌ಓ 6425 ಸ್ಟ್ಯಾಂಡರ್ಡೇ ಕನಿಷ್ಠ 100 ಕೇಳೋದು. 300 ಇಷ್ಟ ಆದ್ರೆ ಅಂದಕ್ಕೆ ತಗೊಳ್ಳಿ, ಬೇಡ ಅನ್ನಲ್ಲ.

ಆಮೇಲೆ ವರ್ಷಕ್ಕೊಂದ್ಸಲ ಪ್ರೆಶರ್ ಟೆಸ್ಟ್ ಮಾಡ್ಸಿ, ಮುಚ್ಚಳ ತೆಗೆದಾಗೆಲ್ಲ ತಪ್ಪದೇ ಮಾಡ್ಸಿ. ಕೊಡೋ ಮುಂಚೆ ಮಷೀನ್ ಇದ್ಯಾ, ರೀಡಿಂಗ್ ತೋರಿಸ್ತೀರಾ ಅಂತ ಕೇಳಿ. "ಏನಾಗಲ್ಲ ಬಿಡಿ ಸಾರ್" ಅಂದ್ರೆ ವಾಚ್ ವಾಪಸ್ ಇಸ್ಕೊಂಡು ಮುಂದಿನ ಅಂಗಡಿಗೆ ನಡೀರಿ.