ಬದಿಯಡ್ಕ ಸಮೀಪದ ನರ್ಸರಿ: ಗಿಡಕ್ಕೆ ಮೆಚ್ಚುಗೆ, ಕುಂಡಕ್ಕೆ ಆಕ್ಷೇಪ

ಮುರಕಲ್ಲಿನ ನಮ್ಮ ಹಳೆಯ ಮನೆಗೆ ಒಂದಿಷ್ಟು ಹಸಿರು ತುಂಬಬೇಕೆಂದು ಕಳೆದ ಮೇ ತಿಂಗಳಲ್ಲಿ ಬದಿಯಡ್ಕ ಸಮೀಪದ ನರ್ಸರಿಯೊಂದರಿಂದ 11 ಗಿಡಗಳನ್ನು ತಂದಿದ್ದೆ. ಒಂದು ಮಳೆಗಾಲ ಕಳೆದ ಮೇಲೆ ಬರೆಯುವುದೇ ನ್ಯಾಯವೆಂದು ಇಷ್ಟು ದಿನ ಕಾದೆ.

ಗಿಡಗಳ ಬಗ್ಗೆ ದೂರಿಲ್ಲ. ಬಿಸಿಲು ನೇರವಾಗಿ ಬೀಳದ ಚಾವಡಿಯ ಮೂಲೆಯಲ್ಲೂ ಸ್ನೇಕ್ ಪ್ಲಾಂಟ್ ಹೊಸ ಎಲೆ ಬಿಟ್ಟಿದೆ. ಮನಿ ಪ್ಲಾಂಟ್ ಅಂತೂ ತೆಂಗಿನ ನಾರು ಸುತ್ತಿದ ಕೋಲನ್ನು ಹಿಡಿದು ಕಿಟಕಿಯ ಮೇಲಂಚಿನವರೆಗೆ ಏರಿದ್ದು, ಗಂಟುಗಂಟಿನಲ್ಲಿ ಮೂಡಿದ ಬೇರುಗಳು ಒದ್ದೆ ನಾರಿಗೆ ಅಂಟಿಕೊಂಡಂತೆಲ್ಲ ಮೇಲಿನ ಎಲೆಗಳು ಅಂಗೈಗಿಂತ ಅಗಲವಾಗುತ್ತ ಹೋಗಿವೆ.

ಆಕ್ಷೇಪವಿರುವುದು ಅವರು ಮಾರುವ ಸೆರಾಮಿಕ್ ಕುಂಡಗಳ ಬಗ್ಗೆ. ತಳದಲ್ಲಿ ತೂತೇ ಇಲ್ಲದ ಕುಂಡವನ್ನು, ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಮಾರುವವರು ಒಂದು ಮಾತು ಎಚ್ಚರಿಸಬೇಕಿತ್ತು. ಜಗಲಿಯಂಚಿನಲ್ಲಿಟ್ಟಿದ್ದ ಆಂಥೂರಿಯಂ ಗಿಡವನ್ನು ಜುಲೈಯಲ್ಲಿ ಕಿತ್ತು ನೋಡಿದರೆ ಬೇರುಗಳು ಕಪ್ಪಾಗಿ ಕೊಳೆತಿದ್ದವು. ಮುಟ್ಟಿದಲ್ಲಿ ಸಿಪ್ಪೆ ಜಾರುತ್ತಿತ್ತು. ಫೋನಿನಲ್ಲಿ ಸಿಕ್ಕಿದ್ದು ‘ನೀರು ಹೆಚ್ಚಾಗಿದೆ’ ಎಂಬ ಉತ್ತರ ಮಾತ್ರ.

ಅಂಗಳದ ಕೇಪಳ, ದಾಸವಾಳಗಳು ಚೆನ್ನಾಗಿವೆ. ನೆರೆಮನೆಯಲ್ಲಿ ಗೆಲ್ಲು ಕೇಳಿ ತಂದು ನೆಡಬಹುದಾಗಿದ್ದ ದಾಸವಾಳಕ್ಕೆ 80 ರೂಪಾಯಿ ಕೊಟ್ಟದ್ದು ನನ್ನದೇ ಸೋಮಾರಿತನ. ಒಳಾಂಗಣದ ಗಿಡಗಳಿಗೆ ಮತ್ತೆ ಅಲ್ಲಿಗೇ ಹೋಗುತ್ತೇನೆ. ಕುಂಡ ಮಾತ್ರ ಇನ್ನು ಮುಂದೆ ಕುಂಬಾರರ ಮಣ್ಣಿನದು.