ಜೆಸಿಬಿ ಬಾಡಿಗೆಗೆ ‘ಮಿಲಿಟರಿ ಸಾಹೇಬರ’ ಕರೆ ಬಂದರೆ

ಜೆಸಿಬಿ, ಹಿಟಾಚಿ, ಕ್ರೇನ್ ಇಟ್ಟುಕೊಂಡವರು ಇದನ್ನು ಓದಿ, ನಿಮ್ಮ ಆಪರೇಟರ್‌ಗೂ ಓದಿ ಹೇಳಿ. ಕಳೆದ ತಿಂಗಳು ನಮ್ಮ ಆಪರೇಟರ್ ಖಾತೆಯಿಂದ ನಲವತ್ತು ಸಾವಿರ ರೂಪಾಯಿ ಹೋಯಿತು. ಅದರಲ್ಲಿ ಡೀಸೆಲ್‌ಗೆಂದು ನಾನು ಹಾಕಿದ್ದ ಹಣವೂ ಇತ್ತು, ಅವನ ಪಗಾರವೂ ಇತ್ತು.

ಬಾಡಿಗೆಗೆ ಸಂಪರ್ಕಿಸಿ ಎಂದು ಯಂತ್ರದ ಮೇಲೆ ಬರೆಸಿರುವ ನಂಬರ್ ಅವನದು. ಕರೆ ಮಾಡಿದವನು ಹಿಂದಿಯಲ್ಲಿ ಮಾತನಾಡಿದ. ಬೆಳಗಾವಿ ಕ್ಯಾಂಪಿನಲ್ಲಿ ಮೈದಾನ ಸಮ ಮಾಡುವುದಿದೆ, ನಾಲ್ಕು ದಿನದ ಕೆಲಸ, ಗಂಟೆಗೆ ಎಷ್ಟು ಎಂದು ಕೇಳಿದ. ದರ ಹೇಳಿದರೆ ಚೌಕಾಸಿಯೇ ಇಲ್ಲ! ಗಂಟೆಗೆ ಐವತ್ತು ರೂಪಾಯಿ ಇಳಿಸಲು ಅರ್ಧ ದಿನ ವಾದಿಸುವ ಗಿರಾಕಿಗಳನ್ನೇ ಕಂಡ ಹುಡುಗನಿಗೆ ಇದು ದೇವರೇ ಕೊಟ್ಟ ಕೆಲಸದಂತೆ ಕಂಡಿರಬೇಕು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಈ ಭಾಗದವರಿಗೆಲ್ಲ ಗೊತ್ತು. ಹಾಗಾಗಿ ಅನುಮಾನವೂ ಬರಲಿಲ್ಲ. ಮೇಲಾಗಿ ವಾಟ್ಸ್‌ಆ್ಯಪ್‌ನಲ್ಲಿ ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಎಲ್ಲವೂ ಬಂದವು.

ಮುಂಗಡ ಕೊಡುವ ಮೊದಲು ಖಾತೆ ಸರಿಯಿದೆಯೇ ಎಂದು ನೋಡುವುದು ಸೇನೆಯ ನಿಯಮವೆಂದು ಹೇಳಿ ಐದು ರೂಪಾಯಿ ಹಾಕಿಸಿಕೊಂಡ. ತಕ್ಷಣ ಹತ್ತು ರೂಪಾಯಿ ವಾಪಸ್ ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳುಹಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಇಪ್ಪತ್ತು ಸಾವಿರ ಮುಂಗಡ ಬರುತ್ತದೆ ಎಂದ. ಬರುವ ಬದಲು ಅಷ್ಟೂ ಹೋಯಿತು. ‘ಸರ್ವರ್ ತೊಂದರೆ, ಇನ್ನೊಮ್ಮೆ ಮಾಡು, ಎರಡೂ ಒಟ್ಟಿಗೆ ಬರುತ್ತವೆ’ ಎಂದು ಮತ್ತೆ ಮಾಡಿಸಿದ. ಇಷ್ಟು ಹೊತ್ತೂ ಫೋನ್ ಇಡಲು ಬಿಡಲಿಲ್ಲ. ಪಕ್ಕದಲ್ಲಿದ್ದ ಮೇಸ್ತ್ರಿಯನ್ನು ಒಂದು ಮಾತು ಕೇಳಲೂ ಬಿಡುವಿಲ್ಲದಂತೆ ಮಾಡುವುದೇ ಇವರ ಕಸುಬು.

ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಕೋಡ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಪಿನ್ ಒತ್ತಿದಿರೆಂದರೆ ನಿಮ್ಮ ಖಾತೆಯಿಂದ ಹಣ ಕೊಡಲು ಒಪ್ಪಿದಿರಿ ಎಂದೇ ಲೆಕ್ಕ. ಹಣ ಯಾರಿಗೆ ಹೋಗುತ್ತಿದೆ, ಎಷ್ಟು ಹೋಗುತ್ತಿದೆ ಎಂಬುದು ಪರದೆಯ ಮೇಲೆ ಬಂದಿರುತ್ತದೆ. ಆದರೆ ನಮ್ಮ ಆಪರೇಟರ್ ಫೋನಿನಲ್ಲಿ ಅದೆಲ್ಲ ಇಂಗ್ಲಿಷಿನಲ್ಲಿತ್ತು. ಈಗ ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದೇವೆ.

ಸೇನೆಯ ಕಟ್ಟಡ, ಕಾಮಗಾರಿಗಳನ್ನು ನೋಡಿಕೊಳ್ಳಲು ಮಿಲಿಟರಿ ಎಂಜಿನಿಯರ್ ಸರ್ವಿಸಸ್ ಎಂಬ ಇಲಾಖೆಯೇ ಇದೆ. ಅಲ್ಲಿ ಟೆಂಡರ್ ಪಡೆದ ಗುತ್ತಿಗೆದಾರನ ಮೂಲಕ ಕೆಲಸ ಸಾಗುತ್ತದೆ. ಸರ್ಕಾರಿ ಬಿಲ್ಲಿಗಾಗಿ ಕಚೇರಿ ಅಲೆದವರಿಗೆ ಕೇಳಿ: ಬಕೆಟ್ ಮಣ್ಣು ಮುಟ್ಟುವ ಮೊದಲೇ ಮುಂಗಡ ಕೊಡುವ ಸಾಹೇಬರು ಎಲ್ಲಿದ್ದಾರೆ?

ಹಣ ಹೋದ ಮೇಲೂ ಅಪಾಯ ಮುಗಿದಿರಲಿಲ್ಲ. ಗಾಬರಿಯಲ್ಲಿ ಅವನು ಬ್ಯಾಂಕಿನ ಸಹಾಯವಾಣಿಯನ್ನು ಗೂಗಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕ ನಂಬರಿಗೆ ಕರೆ ಮಾಡಿದ್ದ. ಎತ್ತಿಕೊಂಡವನು ನಿಮ್ಮ ಫೋನ್ ಪರದೆ ನಮಗೆ ಕಾಣುವಂತೆ ಒಂದು ಆ್ಯಪ್ ಹಾಕಿಕೊಳ್ಳಿ ಎಂದನಂತೆ. ಅದೂ ಕಳ್ಳರದೇ ನಂಬರ್. ಪುಣ್ಯಕ್ಕೆ ಅಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಬ್ಯಾಂಕಿನ ನಂಬರ್ ಬೇಕಾದರೆ ಪಾಸ್‌ಬುಕ್ಕಿನಲ್ಲಿ ಅಥವಾ ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ನೋಡಿ.

ಹಣ ಹೋದದ್ದು ತಿಳಿದ ಕೂಡಲೇ ಮಾಡಬೇಕಾದ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಖಾತೆಯ ವಿವರ, ಹೋದ ಮೊತ್ತ, ಸಮಯ, ವ್ಯವಹಾರದ 12 ಅಂಕಿಯ ಯುಪಿಐ ಸಂಖ್ಯೆ ಕೈಯಲ್ಲಿರಲಿ. ಬೇಗ ತಿಳಿಸಿದರೆ ಕಳ್ಳನ ಖಾತೆಯಲ್ಲಿ ಉಳಿದಿರುವ ಹಣವನ್ನು ತಡೆಹಿಡಿಯಲು ಸಾಧ್ಯ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ಅವೇ ಸಾಕ್ಷಿ.

ವಿಷಯ ತಿಳಿದ ಕೆಲವು ಮಾಲೀಕರು ‘ಓದದವನ ಕೈಗೆ ಫೋನ್ ಕೊಟ್ಟರೆ ಇನ್ನೇನಾಗುತ್ತದೆ’ ಎಂದು ನಕ್ಕರು. ಈ ಮಾತು ನನಗೆ ಹಿಡಿಸಲಿಲ್ಲ. ಗಂಟೆ ಮೀಟರಿನ ಫೋಟೊ, ಡೀಸೆಲ್ ಪಾವತಿ, ಸೈಟಿನ ಲೊಕೇಶನ್ ಎಲ್ಲವನ್ನೂ ಅದೇ ಫೋನಿನಿಂದ ಮಾಡಿಸಿಕೊಳ್ಳುತ್ತೇವೆ. ಹೈಡ್ರಾಲಿಕ್ ಪೈಪ್ ಒಡೆದರೆ ಏನು ಮಾಡಬೇಕೆಂದು ಕಲಿಸುವ ನಮ್ಮಲ್ಲಿ ಪಿನ್ ಯಾವಾಗ ಒತ್ತಬಾರದೆಂದು ಕಲಿಸಿದವರು ಎಷ್ಟು ಮಂದಿ?

ಯಂತ್ರದ ಮೇಲೆ ಈಗ ನನ್ನ ನಂಬರ್ ಬರೆಸಿದ್ದೇನೆ. ಮುಂಗಡದ ಮಾತು ನನ್ನೊಡನೆಯೇ ಆಗಬೇಕು. ಡೀಸೆಲ್‌ಗೆ ಬೇರೆ ಖಾತೆ ಮಾಡಿಸಿ, ದಿನಕ್ಕೆ ಬೇಕಾದಷ್ಟನ್ನೇ ಹಾಕುತ್ತಿದ್ದೇನೆ. ಅವನ ಪಗಾರವನ್ನು ಮತ್ತೆ ಕೊಟ್ಟಿದ್ದೇನೆ. ದೂರು ಠಾಣೆಯಲ್ಲಿದೆ. ಇದೇ ಧಾಟಿಯ ಕರೆ ಮೊನ್ನೆ ನಮ್ಮೂರಿನ ಟಿಪ್ಪರ್ ಮಾಲೀಕರೊಬ್ಬರಿಗೂ ಬಂದಿದೆ. ಈ ಸಲ ಕಾರವಾರದ ನೌಕಾನೆಲೆಯ ಹೆಸರು ಹೇಳಿದ್ದಾರೆ.