ಬೆಳಗಾವಿಯಿಂದ ಗೋವೆಗೆ ಇಳಿಯುವ ಮೂರು ಘಟ್ಟದಾರಿಗಳು

ಅಕ್ಕನ ಮನೆ ಪಣಜಿಯಲ್ಲಿರುವುದರಿಂದ ವರ್ಷಕ್ಕೆ ಐದಾರು ಸಲ ಸಹ್ಯಾದ್ರಿಯನ್ನು ದಾಟುವುದು ನನಗೆ ರೂಢಿಯಾಗಿದೆ. ಚೋರ್ಲಾ ಹತ್ತಿರವೆಂದು ಕೆಲವರು, ಅನಮೋಡವೇ ಸುರಕ್ಷಿತವೆಂದು ಕೆಲವರು ಪ್ರತಿ ಸಲವೂ ವಾದಿಸುತ್ತಿದ್ದುದರಿಂದ, ಕಳೆದ ಎರಡು ವರ್ಷಗಳಲ್ಲಿ ಒಂದೇ ಕಾರಿನಲ್ಲಿ, ಬೆಳಗಿನ ಐದೂವರೆಗೆ ಮನೆ ಬಿಟ್ಟು, ಚೋರ್ಲಾ, ಅನಮೋಡ, ಅಂಬೋಲಿ ಈ ಮೂರೂ ಘಟ್ಟಗಳನ್ನು ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ಇಳಿದು, ಹತ್ತಿ ನೋಡಿದೆ.

ಹೊರ ಊರಿನವರು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಬೆಳಗಾವಿಯೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಂದ ಹೊರಟವರಿಗೆ ಘಟ್ಟವೆಂದರೆ ಏರುವುದಲ್ಲ, ಇಳಿಯುವುದು. ಗೋವೆಗೆ ನಿತ್ಯವೂ ತರಕಾರಿ ಒಯ್ಯುವ ಲಾರಿಗಳು ತುಂಬಿದ ಭಾರದೊಡನೆ ಇಳಿದು, ಹೆಚ್ಚಿನವು ಬರಿದಾಗಿ ಹತ್ತುತ್ತವೆ. ಆದ್ದರಿಂದ ಈ ದಾರಿಗಳಲ್ಲಿ ಇಂಜಿನ್ನಿಗಿಂತ ಬ್ರೇಕಿನ ಪರೀಕ್ಷೆಯೇ ದೊಡ್ಡದು. ಹೋಗುವಾಗ ಹಿತವೆನಿಸಿದ ಘಟ್ಟ ಬರುವಾಗಲೂ ಹಾಗೆಯೇ ಇರುತ್ತದೆಂದು ತಿಳಿಯಬಾರದು.

ದೂರವನ್ನೇ ಲೆಕ್ಕ ಹಿಡಿದರೆ ಚೋರ್ಲಾಕ್ಕೆ ಸಾಟಿಯಿಲ್ಲ. ಪೀರನವಾಡಿಯಲ್ಲಿ ಖಾನಾಪುರದ ರಸ್ತೆಯನ್ನು ಬಿಟ್ಟು ಜಾಂಬೋಟಿ, ಕಣಕುಂಬಿಗಳ ಮೂಲಕ ಸಾಗಿ, ಕರ್ನಾಟಕ, ಮಹಾರಾಷ್ಟ್ರ, ಗೋವಾ ಗಡಿಗಳು ಕೂಡುವ ಚೋರ್ಲಾ ಪರಿಸರವನ್ನು ದಾಟಿ, ಕೇರಿ, ಸಾಖಳಿ, ಡಿಚೋಲಿ ಮಾರ್ಗವಾಗಿ ಪಣಜಿ ಸೇರಿದರೆ ಸುಮಾರು 125 ಕಿ.ಮೀ. ಆಗುತ್ತದೆ. ಜನವರಿಯ ಒಂದು ಬೆಳಿಗ್ಗೆ ಮೂರು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ತಲುಪಿದೆ. ಕಣಕುಂಬಿಯಲ್ಲಿ ಐದು ನಿಮಿಷ ಇಳಿಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ನನ್ನ ಹುಟ್ಟೂರು ಹುನಗುಂದ ತಾಲ್ಲೂಕಿನಲ್ಲಿದ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಇಲ್ಲಿ ಮಾವುಲಿ ಗುಡಿಯ ಬಳಿ ಸಣ್ಣ ಕುಂಡವೊಂದರ ನೀರಾಗಿ ಕಾಣುವುದು ಇಂದಿಗೂ ವಿಚಿತ್ರವೆನಿಸುತ್ತದೆ. ಇದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಮಾತ್ರ ಪಶ್ಚಿಮಕ್ಕೆ ಹರಿದು, ಗೋವೆಯಲ್ಲಿ ಮಾಂಡೋವಿಯೆಂಬ ಹೆಸರು ಪಡೆದು, ನಮಗಿಂತ ಮೊದಲೇ ಪಣಜಿಯನ್ನು ತಲುಪಿರುತ್ತದೆ.

ಆದರೆ ಹತ್ತಿರದ ದಾರಿಯಾದ ಚೋರ್ಲಾಕ್ಕೆ ದೋಷವೂ ಇದೆ. ದಾರಿ ಕಿರಿದು, ತಿರುವುಗಳು ಒಂದರ ಬೆನ್ನಿಗೊಂದು, ಅಂಚಿನ ಮಣ್ಣು ಮಳೆಯಲ್ಲಿ ಕೊರೆದು ಹೋಗುತ್ತದೆ. ಜುಲೈ ತಿಂಗಳಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮುಂದಿನ ಟೆಂಪೊದ ಕೆಂಪು ದೀಪವಲ್ಲದೆ ಬೇರೇನೂ ಕಾಣುತ್ತಿರಲಿಲ್ಲ; ಒಂದು ತಿರುವಿನಲ್ಲಿ ಉದ್ದನೆಯ ಲಾರಿಯೊಂದು ಹಿಂದೆ ಮುಂದೆ ಸರಿಯಲಾರದೆ ನಿಂತು, ನಾವೆಲ್ಲ ಒಂದೂವರೆ ಗಂಟೆ ಕಾದೆವು. ಆ ದಿನದ ಪ್ರಯಾಣ ಐದು ಗಂಟೆ ಮೀರಿತು. ಹಿಂದಿನ ವರ್ಷ ಹಾಕಿದ್ದ ಡಾಂಬರು ಜಾಂಬೋಟಿಯ ಆಚೆ ಹಲವು ಕಡೆ ಎದ್ದುಹೋಗಿದ್ದು, ಗುಂಡಿ ತುಂಬಿದ ನೀರಿನಲ್ಲಿ ಆಳ ತಿಳಿಯದೆ ಒಂದು ಚಕ್ರದ ರಿಮ್ ಬಾಗಿತು. ಮಳೆ ನಿಂತ ಮೇಲೆ ಅದೇ ಘಟ್ಟದಿಂದ ಕೆಳಗೆ ಅಂಜುಣೆ ಅಣೆಕಟ್ಟಿನ ನೀರು ಹೊಳೆಯುವುದನ್ನು ಕಂಡಾಗ ಆ ಸಿಟ್ಟು ಅರ್ಧ ಇಳಿಯಿತೆಂಬುದನ್ನೂ ಒಪ್ಪಿಕೊಳ್ಳಬೇಕು.

ಅನಮೋಡ ಮಾರ್ಗವು ಹಳೆಯ ರಾಷ್ಟ್ರೀಯ ಹೆದ್ದಾರಿ 4ಎ, ಈಗಿನ 748. ಖಾನಾಪುರ, ಲೋಂಡಾ, ರಾಮನಗರ, ಅನಮೋಡ, ಮೊಲೆಂ, ಫೋಂಡಾ ಮೂಲಕ ಪಣಜಿಗೆ ಸುಮಾರು 153 ಕಿ.ಮೀ. ಖಾನಾಪುರದವರೆಗೆ ಚತುಷ್ಪಥವಿದ್ದು, ಗಣೇಬೈಲಿನಲ್ಲಿ ಟೋಲ್ ಕೊಟ್ಟರೂ ಸಮಯ ಉಳಿಯುತ್ತದೆ. ಆಮೇಲೆ ಕಾಡು ಆರಂಭವಾದೊಡನೆ ಉಳಿದ ಸಮಯವೆಲ್ಲ ಖರ್ಚಾಗುತ್ತದೆ. ಬೇಸಿಗೆಯಲ್ಲಿ ನನಗೆ ಮೂರು ಗಂಟೆ ಐವತ್ತು ನಿಮಿಷ ಹಿಡಿಯಿತು. ಘಟ್ಟದ ಇಳಿಜಾರು ಚೋರ್ಲಾಕ್ಕಿಂತ ಸಮಾಧಾನದ್ದು, ಎದುರಿನಿಂದ ಬಸ್ಸು ಬಂದರೂ ಎದೆ ಹಾರುವುದಿಲ್ಲ. ಭಾರಿ ವಾಹನಗಳ ಹಿಂದೆ ಎರಡನೆಯ ಗೇರಿನಲ್ಲಿ ತೆವಳುವ ಬೇಸರವೊಂದನ್ನು ಸಹಿಸಿದರೆ, ರಾತ್ರಿ ಹೊತ್ತಿನಲ್ಲಿ ಮತ್ತು ಹಿರಿಯರನ್ನು ಕರೆದೊಯ್ಯುವಾಗ ನಾನು ಆರಿಸುವುದು ಇದನ್ನೇ. ದೂಧಸಾಗರವನ್ನು ದಾರಿಯಿಂದಲೇ ನೋಡಬಹುದೆಂದು ಭಾವಿಸಿ ಈ ಮಾರ್ಗ ಹಿಡಿಯುವವರಿದ್ದಾರೆ. ಆ ಜಲಪಾತ ಕಾಣುವುದು ಕ್ಯಾಸಲ್‌ರಾಕ್‌ನಿಂದ ಕುಳೆಗೆ ಇಳಿಯುವ ರೈಲಿನವರಿಗೆ.

ಅಂಬೋಲಿಯನ್ನು ಪಣಜಿಯ ದಾರಿಯೆಂದು ಪರಿಗಣಿಸುವುದು ಅದಕ್ಕೆ ಮಾಡುವ ಅನ್ಯಾಯ. ಹಿಂಡಲಗಾ, ಶಿನೋಳಿ, ಚಂದಗಡ ತಾಲ್ಲೂಕಿನ ಮೂಲಕ ಅಂಬೋಲಿಗೆ ಹೋಗಿ, ಅಲ್ಲಿಂದ ಸುಮಾರು 30 ಕಿ.ಮೀ. ಇಳಿದು ಸಾವಂತವಾಡಿ ಸೇರುವ ಈ ರಸ್ತೆಯನ್ನು ಬೆಳಗಾವಿಯ ಹಿರಿಯರು ಇಂದಿಗೂ ವೆಂಗುರ್ಲಾ ರಸ್ತೆ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ವೆಂಗುರ್ಲಾ ಬಂದರಿನ ಸರಕು ಈ ಕಡೆಯ ಘಟ್ಟ ಹತ್ತಿ ಬರುತ್ತಿತ್ತು. ಪಣಜಿಗೆ ನಾಲ್ಕು ಗಂಟೆ ಬೇಕಾಯಿತು, ಆದರೆ ಮಾಪುಸಾ, ಪೆಡ್ಣೆ ಅಥವಾ ಮೋಪಾ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಇದು ಒಳ್ಳೆಯ ದಾರಿ. ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಮಳೆಗಾಲದ ಭಾನುವಾರಗಳಲ್ಲಿ ರಸ್ತೆಯ ಪಕ್ಕದಲ್ಲಿಯೇ ಧುಮುಕುವ ಜಲಪಾತದ ಬಳಿ ವಾಹನಗಳನ್ನು ಮನಬಂದಂತೆ ನಿಲ್ಲಿಸಿರುವುದರಿಂದ ಆ ದಿನ ಹೋಗುವುದು ಬೇಡವೆಂದೇ ಹೇಳುತ್ತೇನೆ.

ವಿಜಯಪುರ, ಬಾಗಲಕೋಟೆಗಳಿಂದ ಬರುವ ನಮ್ಮ ಬಂಧುಗಳಿಗೆ ಉತ್ತರ ಗೋವೆಗೆ ಹೋಗುವುದಿದ್ದರೆ ಬೆಳಗಾವಿಗೆ ಬರುವ ಅಗತ್ಯವೇ ಇಲ್ಲ. ಗೋಕಾಕ ಭಾಗದಿಂದ ಸಂಕೇಶ್ವರ ತಲುಪಿ ಆಜರಾ ಮೂಲಕ ಅಂಬೋಲಿಗೆ ಹೋಗಬಹುದು. ನನ್ನ ಮಟ್ಟಿಗೆ ನವೆಂಬರಿನಿಂದ ಮೇವರೆಗೆ ಹಗಲಿನಲ್ಲಿ ಚೋರ್ಲಾ, ಜೂನ್‌ನಿಂದ ಅಕ್ಟೋಬರ್‌ವರೆಗೆ ಅನಮೋಡ ಎಂದು ನಿಶ್ಚಯವಾಗಿದೆ. ಮಳೆಯ ದಿನ ಪಣಜಿಯಲ್ಲಿ ಸಂಜೆ ನಾಲ್ಕು ದಾಟಿದರೆ ಯಾವ ಘಟ್ಟವನ್ನೂ ಹತ್ತದೆ, ಬೆಳಗಾವಿಯಿಂದ ತಾನೇ ತರಿಸಿಕೊಂಡ ಕುಂದಾದಲ್ಲಿ ಅಕ್ಕ ನನಗೂ ಒಂದು ಪಾಲು ಕೊಡುವವರೆಗೆ ಅಲ್ಲಿಯೇ ಕುಳಿತಿರುತ್ತೇನೆ.